ಸದ್ದಿಲ್ಲದೆ ಸೋರುವ ಫ್ಲಶ್ ಟ್ಯಾಂಕ್

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಸಂಪಿನ ನೀರನ್ನು ತಾರಸಿಯ ಟ್ಯಾಂಕಿಗೆ ಏರಿಸಲು ದಿನಕ್ಕೊಮ್ಮೆ ಮೋಟರ್ ಹಾಕಿದರೆ ಸಾಕಾಗುತ್ತಿತ್ತು. ಬೇಸಿಗೆ ಶುರುವಾದ ಮೇಲೆ ವಾರದಲ್ಲಿ ಎರಡು ಮೂರು ದಿನ ಎರಡು ಸಲ ಹಾಕಬೇಕಾಯಿತು. ಬಿಸಿಲು, ಬಂದುಹೋದ ನೆಂಟರು, ಗಿಡಗಳಿಗೆ ಹಾಕುವ ನೀರು ಎಂದು ನಾವೇ ಕಾರಣ ಹೇಳಿಕೊಂಡೆವು. ಯಾವ ನಲ್ಲಿಯೂ ತೊಟ್ಟಿಕ್ಕುತ್ತಿರಲಿಲ್ಲ, ಗೋಡೆಯಲ್ಲಿ ಪಸೆಯೂ ಇರಲಿಲ್ಲ. ಒಂದು ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಬಚ್ಚಲ ಕಡೆಯಿಂದ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳಿಸಿತು. ಟಾರ್ಚ್ ಹಿಡಿದು ನೋಡಿದರೆ ಕಮೋಡಿನ ಒಳಮೈ ಮೇಲೆ ತೆಳುವಾದ ನೀರಿನ ಪೊರೆ ಇಳಿಯುತ್ತಲೇ ಇತ್ತು.

ನಲ್ಲಿ ಸೋರಿದರೆ ಕಣ್ಣಿಗೆ ಬೀಳುತ್ತದೆ, ಬಕೆಟ್ ತುಂಬಿ ಹರಿಯುತ್ತದೆ. ಫ್ಲಶ್ ಟ್ಯಾಂಕಿನ ಸೋರಿಕೆ ಹಾಗಲ್ಲ, ನೇರವಾಗಿ ಒಳಚರಂಡಿಗೆ ಹೋಗುತ್ತದೆ. ಮಾರನೆಯ ದಿನ ಅಳೆದು ನೋಡಿದೆ. ಟ್ಯಾಂಕ್ ತುಂಬಿದ ಮೇಲೆ ಅದಕ್ಕೆ ನೀರು ಕೊಡುವ ಆಂಗಲ್ ಕಾಕ್ ಮುಚ್ಚಿ, ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದೆ. ಕಾಲು ಗಂಟೆಯ ನಂತರ ಮತ್ತೆ ಗೆರೆ ಮುಟ್ಟುವವರೆಗೆ ಸುರಿದ ನೀರು ಒಂದು ಲೀಟರ್. ಗಂಟೆಗೆ 4 ಲೀಟರ್, ದಿನಕ್ಕೆ 96, ತಿಂಗಳಿಗೆ 2,880. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮ ದೇಶದ ಸರ್ಕಾರಿ ಲೆಕ್ಕ. ಅದರಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು, ಯಾರ ಬಳಕೆಗೂ ಬಾರದೆ ಹೋಗುತ್ತಿತ್ತು.

ಆ ನೀರು ಬರುವ ದಾರಿಯನ್ನು ನೆನೆದರೆ ಸಂಕಟವಾಗುತ್ತದೆ. ಮೈಸೂರಿಗೆ ಕಾವೇರಿ ಹೊಂಗಳ್ಳಿ ಮತ್ತು ಮೇಳಾಪುರದಿಂದ, ಕಬಿನಿ ಬಿದರಗೂಡಿನಿಂದ ಬರುತ್ತದೆ. ಶುದ್ಧೀಕರಿಸಿ, ಪಂಪು ಮಾಡಿ ಊರಿಗೆ ತರುವ ನೀರನ್ನು ಮನೆಯ ಸಂಪಿನಿಂದ ನಾವು ಇನ್ನೊಮ್ಮೆ ಕರೆಂಟ್ ಸುಟ್ಟು ಮೇಲೇರಿಸುತ್ತೇವೆ. ಕಮೋಡಿನಲ್ಲಿ ಸೋರಿದ್ದು ಮುಟ್ಟುವುದು ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂನ ಕೊಳಚೆ ನೀರು ಶುದ್ಧೀಕರಣ ಘಟಕಗಳನ್ನು. ಕುಡಿಯುವ ನೀರನ್ನೇ ಕೊಳಚೆಯ ಜೊತೆ ಮತ್ತೆ ಶುದ್ಧೀಕರಿಸುವ ಖರ್ಚು ಅಲ್ಲಿ ಬೀಳುತ್ತದೆ.

ಟ್ಯಾಂಕಿನ ಒಳಗೆ ಇರುವುದು ಎರಡೇ ಬಾಗಿಲು. ನೀರು ಒಳಬರುವ ಬಾಗಿಲನ್ನು ಫ್ಲೋಟ್ ಕಾಯುತ್ತದೆ. ನೀರು ಏರಿದಂತೆ ಅದೂ ಏರಿ, ಕೊನೆಗೆ ವಾಲ್ವನ್ನು ಒತ್ತಿ ಮುಚ್ಚುತ್ತದೆ. ನೀರು ಹೊರಹೋಗುವ ಬಾಗಿಲು ತಳದಲ್ಲಿದೆ. ಬಟನ್ ಒತ್ತಿದಾಗ ಮೇಲೆದ್ದು ಮತ್ತೆ ಕೂರುವ ಫ್ಲಶ್ ವಾಲ್ವ್, ಅದರ ಅಡಿಯಲ್ಲಿ ಬಳೆಯಂಥ ರಬ್ಬರ್ ವಾಶರ್. ಇವುಗಳ ನಡುವೆ ನಿಂತಿರುವ ಓವರ್‌ಫ್ಲೋ ಕೊಳವೆ, ಫ್ಲೋಟ್ ಕೈಕೊಟ್ಟರೆ ಹೆಚ್ಚಾದ ನೀರನ್ನು ಬಚ್ಚಲಿಗೆ ಬಿಡದೆ ಕಮೋಡಿಗೆ ಇಳಿಸುತ್ತದೆ. ಸೋರಿಕೆ ಕಮೋಡಿನೊಳಗೆ ಕಂಡರೆ ತಪ್ಪು ಈ ಎರಡು ಬಾಗಿಲುಗಳಲ್ಲಿ ಒಂದರದ್ದು.

ಯಾವುದು ಎಂದು ತಿಳಿಯಲು ಅದೇ ಪೆನ್ಸಿಲ್ ಗೆರೆ ಸಾಕು. ಆಂಗಲ್ ಕಾಕ್ ಮುಚ್ಚಿದ ಮೇಲೂ ನೀರು ಗೆರೆಗಿಂತ ಕೆಳಗಿಳಿಯುತ್ತಾ ಹೋದರೆ ತಳದ ವಾಶರ್ ಕೆಟ್ಟಿದೆ. ಮುಚ್ಚಿದಾಗ ಮಟ್ಟ ಓವರ್‌ಫ್ಲೋ ಬಾಯಿಯ ಹತ್ತಿರ ನಿಂತು, ತೆರೆದಾಗ ಮತ್ತೆ ಸೋರಿದರೆ ಫ್ಲೋಟ್‌ನದೇ ತೊಂದರೆ. ಸೋರಿಕೆ ಇದೆಯೋ ಇಲ್ಲವೋ ಎಂಬುದೇ ಅನುಮಾನವಾದರೆ ಟ್ಯಾಂಕಿಗೆ ಒಂದು ಲೋಟ ಹಳೆಯ ಕಾಫಿ ಡಿಕಾಕ್ಷನ್ ಇಲ್ಲವೇ ಬೀಟ್ರೂಟ್ ಬೇಯಿಸಿದ ನೀರು ಸುರಿಯಿರಿ. ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು, ಕಮೋಡಿನ ನೀರಿಗೆ ಬಣ್ಣ ಬಂದಿದೆಯೇ ನೋಡಿ.

ಮುಚ್ಚಳ ತೆಗೆಯುವಾಗ ಅವಸರ ಬೇಡ. ಎರಡು ಬಟನ್‌ಗಳ ಪಿಂಗಾಣಿ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಬಟನ್‌ನ ಸುತ್ತಿನ ಬಳೆಯನ್ನು ತಿರುಗಿಸಿ ಬಿಚ್ಚಿದ ಮೇಲೆಯೇ ಮುಚ್ಚಳ ಏಳುತ್ತದೆ. ಅದನ್ನು ಗೋಣಿಚೀಲದ ಮೇಲಿಡಿ, ಒಡೆದರೆ ಬಿಡಿಯಾಗಿ ಅದೊಂದೇ ಸಿಗುವುದು ಕಷ್ಟ.

ಫ್ಲೋಟ್ ಅನ್ನು ಕೈಯಿಂದ ಮೇಲೆತ್ತಿ. ನೀರು ನಿಂತರೆ ವಾಲ್ವ್ ಸರಿಯಿದೆ, ಮಟ್ಟ ಮಾತ್ರ ಹೆಚ್ಚಾಗಿದೆ. ಪ್ಲಾಸ್ಟಿಕ್ ಫ್ಲೋಟ್‌ನ ಪಕ್ಕದಲ್ಲಿ ತಿರುಗಿಸುವ ಸ್ಕ್ರೂ ಇರುತ್ತದೆ. ಹಳೆಯ ಹಿತ್ತಾಳೆ ಕಡ್ಡಿಯ ಬಾಲ್ ಆದರೆ ಕಡ್ಡಿಯನ್ನು ತುಸು ಕೆಳಕ್ಕೆ ಬಾಗಿಸಬೇಕು. ನೀರು ಓವರ್‌ಫ್ಲೋ ಬಾಯಿಗಿಂತ ಒಂದು ಅಂಗುಲ ಕೆಳಗೆ ನಿಲ್ಲಲಿ. ಬಾಲ್‌ನೊಳಗೆ ನೀರು ಹೊಕ್ಕಿದ್ದರೆ ಅದು ತೇಲದು, ಬದಲಿಸಬೇಕು. ಎತ್ತಿ ಹಿಡಿದರೂ ನೀರು ನಿಲ್ಲದಿದ್ದರೆ ವಾಲ್ವ್‌ನ ಬಾಯಲ್ಲಿ ಮರಳೋ ಕಸವೋ ಸಿಕ್ಕಿದೆ, ಇಲ್ಲವೇ ಅಲ್ಲಿನ ಪುಟ್ಟ ವಾಶರ್ ಸವೆದಿದೆ. ಸಂಪು, ಟ್ಯಾಂಕು ತೊಳೆಸಿದ ವಾರದಲ್ಲೇ ಸೋರಿಕೆ ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಈ ಮರಳನ್ನೇ. ನೀರು ಬಂದ್ ಮಾಡಿ, ವಾಲ್ವ್‌ನ ಟೋಪಿ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ.

ನಮ್ಮ ಮನೆಯಲ್ಲಿ ಕೆಟ್ಟದ್ದು ತಳದ ವಾಶರ್. ಬೋರ್‌ವೆಲ್ ನೀರು ಬಳಸುವ ಹೊರ ಬಡಾವಣೆಗಳಲ್ಲಿ ಇದು ಹೆಚ್ಚು ಕಾಡುತ್ತದೆ. ಗಡಸು ನೀರಿನ ಬಿಳಿ ಉಪ್ಪು ರಬ್ಬರ್ ಮೇಲೂ ಅದು ಕೂರುವ ಅಂಚಿನ ಮೇಲೂ ಕಟ್ಟಿ, ನಡುವೆ ಕೂದಲೆಳೆಯ ಸಂದು ಬಿಡುತ್ತದೆ. ಆಂಗಲ್ ಕಾಕ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ. ಈಗಿನ ಬಹುತೇಕ ಫ್ಲಶ್ ವಾಲ್ವ್‌ಗಳು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತವೆ. ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಉಪ್ಪು ಕಟ್ಟಿದ್ದರೆ ನಿಂಬೆರಸವನ್ನೋ ವಿನೆಗರನ್ನೋ ಹಚ್ಚಿ ನೆನೆಯಲು ಬಿಡಿ. ವಾಶರ್ ಸೆಟೆದಿದ್ದರೆ, ಮೈ ಬಿರಿದಿದ್ದರೆ ಬದಲಿಸಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಪ್ಯಾರಿವೇರ್‌ನ ವಾಶರ್ ಹಿಂದ್‌ವೇರ್‌ಗೆ ಕೂರುತ್ತದೆ ಎಂದು ನಂಬಬೇಡಿ. ಇಡೀ ಸೆಟ್ ಬದಲಿಸಿ ಎಂದು ಅಂಗಡಿಯವರು ಹೇಳಿದರೂ ಮೊದಲು ವಾಶರ್ ಒಂದನ್ನೇ ಕೇಳಿ.

ಹಳೆಯ ಮನೆಗಳಲ್ಲಿ ಗೋಡೆಯ ಮೇಲೆ ಎತ್ತರದಲ್ಲಿ ಕೂತ, ಸರಪಳಿ ಎಳೆಯುವ ಕಬ್ಬಿಣದ ತೊಟ್ಟಿಗಳ ಲೆಕ್ಕವೇ ಬೇರೆ. ಅದು ಸೈಫನ್. ಅದರ ಹೊರಹೋಗುವ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಮೇಲೆ ಗಂಟೆಯಂತೆ ಕವುಚಿರುವ ಕಬ್ಬಿಣವನ್ನು ಎತ್ತಿಬಿಟ್ಟಾಗ ಮಾತ್ರ ನೀರು ಆ ಬಾಯಿ ದಾಟಿ ಹರಿಯುತ್ತದೆ. ಸವೆಯಲು ತಳದಲ್ಲಿ ವಾಶರ್ರೇ ಇಲ್ಲದ್ದರಿಂದ ಬ್ರಿಟನ್ನಿನಲ್ಲಿ ಇಂಥ ತೊಟ್ಟಿಗೆ ‘ನೀರು ಪೋಲು ತಡೆಯುವ ಸಾಧನ’ ಎಂಬರ್ಥದ ಹೆಸರೇ ಇತ್ತು. ವಾಲ್ವ್ ಇರುವ ಟ್ಯಾಂಕಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಸರಪಳಿ ತೊಟ್ಟಿ ಸೋರುತ್ತಿದ್ದರೆ, ತುಕ್ಕು ತಿಂದು ಬಿರುಕು ಬಿಟ್ಟಿಲ್ಲವಾದರೆ, ಬಾಲ್ ವಾಲ್ವ್ ಒಂದನ್ನು ಸರಿಪಡಿಸಿದರೆ ಸಾಕು. ಸೋರುತ್ತದೆಂದು ಅದನ್ನು ಗುಜರಿಗೆ ಹಾಕುವುದು ತಪ್ಪು.

ಎರಡು ಎಚ್ಚರಿಕೆ ಹೇಳಲೇಬೇಕು. ಕಮೋಡ್ ತೊಳೆಯುವ ಆಸಿಡ್ಡನ್ನು ಟ್ಯಾಂಕಿನೊಳಗೆ ಸುರಿಯಬೇಡಿ, ರಬ್ಬರ್ ಮತ್ತು ಸ್ಕ್ರೂಗಳನ್ನು ಅದು ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಬೆರೆತರೆ ವಿಷಗಾಳಿ ಏಳುತ್ತದೆ. ಇನ್ನೊಂದು, ವರ್ಷಗಟ್ಟಲೆ ಮುಟ್ಟದ ಆಂಗಲ್ ಕಾಕ್ ಬಿಗಿದುಕೊಂಡಿರುತ್ತದೆ. ಪಾನಾ ಹಾಕಿ ಎಳೆದರೆ ಗೋಡೆಯೊಳಗಿನ ಪೈಪೇ ಮುರಿಯಬಹುದು. ಅಂಥಲ್ಲಿ ತಾರಸಿಯ ವಾಲ್ವ್ ಮುಚ್ಚಿ ಕೆಲಸ ಮಾಡಿ. ಟ್ಯಾಂಕ್ ಮತ್ತು ಕಮೋಡ್ ಸೇರುವ ಜಾಗದಲ್ಲಿ ನೆಲಕ್ಕೆ ನೀರು ಬರುತ್ತಿದ್ದರೆ ಇಡೀ ಟ್ಯಾಂಕ್ ಎತ್ತಬೇಕು. ಅದಕ್ಕೆ ಪ್ಲಂಬರ್ ಅವರನ್ನೇ ಕರೆಯಿರಿ.

ಊರಿಗೆ ಹೊರಡುವಾಗ ಗ್ಯಾಸ್ ಬಂದ್ ಮಾಡುವ ಹಾಗೆ ಆಂಗಲ್ ಕಾಕನ್ನೂ ಮುಚ್ಚಿ ಹೋಗಿ. ಇವತ್ತು ಫಿಲ್ಟರಿನಲ್ಲಿ ಉಳಿಯುವ ಕೊನೆಯ ಡಿಕಾಕ್ಷನ್ ಚೆಲ್ಲಬೇಡಿ, ಮಲಗುವ ಮುಂಚೆ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಕಾದು ನೋಡಿ.