ಸಂಸಾರಕ್ಕೊಂದು ಸಣ್ಣ ಕಾರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಮಾತು. ಈಚಿನ ದಿನಗಳಲ್ಲಿ ‘ಕಾರು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಇದಕ್ಕೆ ಸೇರಿಸಬಹುದೆಂದು ನಮಗೆ ತೋರುತ್ತದೆ. ಮಧ್ಯಮ ವರ್ಗದ ಕುಟುಂಬವೊಂದು ತನ್ನ ಜೀವಮಾನದಲ್ಲಿ ಮಾಡುವ ದೊಡ್ಡ ವೆಚ್ಚಗಳಲ್ಲಿ ಇದೂ ಒಂದು. ಆದರೂ ಮನೆ ಕಟ್ಟುವಾಗ ಹತ್ತು ಜನರನ್ನು ವಿಚಾರಿಸುವವರು, ಸಂಬಂಧ ಬೆಳೆಸುವಾಗ ನೂರು ಬಾರಿ ಯೋಚಿಸುವವರು, ಕಾರಿನ ವಿಷಯದಲ್ಲಿ ಮಾತ್ರ ಪಕ್ಕದ ಮನೆಯ ಮುಂದೆ ನಿಂತಿರುವುದನ್ನು ನೋಡಿ ನಿರ್ಧರಿಸಿಬಿಡುತ್ತಾರೆ.

ನಾವು ಶಾಸ್ತ್ರಾಧ್ಯಯನ ಮಾಡಿದವರೇ ಹೊರತು ಯಂತ್ರವಿದ್ಯೆಯನ್ನು ಬಲ್ಲವರಲ್ಲ. ಹೀಗಿದ್ದೂ ಈ ವಿಷಯವನ್ನು ಕುರಿತು ಬರೆಯಲು ಒಂದು ಪ್ರಸಂಗ ಕಾರಣವಾಯಿತು. ಹಿಂದೆ ಮಠದ ಪ್ರಸಾದ ನಿಲಯದಲ್ಲಿದ್ದು ನಮ್ಮಲ್ಲಿ ಓದಿದ ಶಿಷ್ಯರೊಬ್ಬರು ಈಗ ಬೊಮ್ಮನಹಳ್ಳಿಯಲ್ಲಿ ನೆಲೆಸಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗ, ಪತ್ನಿ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳು, ಮಂಡಿ ನೋವಿನಿಂದ ಬಳಲುವ ವೃದ್ಧ ತಾಯಿ. ಮಳೆ ಬಂದ ಒಂದು ಸಂಜೆ ಹೊಸೂರು ರಸ್ತೆಯ ಸರ್ವಿಸ್ ರಸ್ತೆಯಲ್ಲಿ ಅವರ ಸ್ಕೂಟರು ಜಾರಿತು. ಅದರ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು. ದೈವಕೃಪೆಯಿಂದ ಹಿಂದೆ ಬರುತ್ತಿದ್ದ ಲಾರಿ ನಿಂತಿತು. ಎಂಟು ವರ್ಷದ ಮಗಳ ಕೈಗೆ ಪೆಟ್ಟಾಗಿ ಒಂದೂವರೆ ತಿಂಗಳು ಕಟ್ಟು ಹಾಕಬೇಕಾಯಿತು.

ಕಟ್ಟು ಬಿಚ್ಚಿದ ವಾರದಲ್ಲಿ ಅವರು ನಮ್ಮಲ್ಲಿಗೆ ಬಂದು, “ಗುರುಗಳೇ, ಸ್ಕೂಟರಿನ ಮೇಲೆ ನಾಲ್ಕು ಜೀವ ಹೇರಿಕೊಂಡು ಹೋಗಿದ್ದು ಸಾಕು. ಆರು ಲಕ್ಷದೊಳಗೆ ಒಂದು ಕಾರು ನೋಡಬೇಕೆಂದಿದ್ದೇನೆ. ಅಮ್ಮ ಒಂದು ಹೇಳುತ್ತಾರೆ, ತಮ್ಮ ಇನ್ನೊಂದು ಹೇಳುತ್ತಾನೆ. ತಾವು ಒಂದು ಮಾತು ಹೇಳಿದರೆ ಎಲ್ಲರೂ ಕೇಳುತ್ತಾರೆ” ಎಂದರು. ತಿಳಿಯದ ವಿಷಯದಲ್ಲಿ ಮಾತು ಕೊಡುವುದು ತರವಲ್ಲವೆಂದು, ಎರಡು ಭಾನುವಾರ ಅವರ ಕುಟುಂಬದೊಂದಿಗೆ ಮಳಿಗೆಗಳಿಗೆ ಹೋಗಿ, ಬಲ್ಲವರನ್ನು ಕೇಳಿ, ನಾಲ್ಕಾರು ವಿಷಯಗಳನ್ನು ಸಂಗ್ರಹಿಸಿದೆವು. ಅದನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಇದು ಯಾವ ಕಂಪನಿಯ ಪ್ರಚಾರವೂ ಅಲ್ಲ, ನಿಂದೆಯೂ ಅಲ್ಲ.

ಸಣ್ಣ ಕಾರು ನಡೆದು ಬಂದ ದಾರಿ

ನಮ್ಮ ಬಾಲ್ಯದಲ್ಲಿ ಕಾರು ಎಂದರೆ ಅಂಬಾಸಿಡರ್ ಅಥವಾ ಫಿಯಟ್. ಸಾಮಾನ್ಯ ಗೃಹಸ್ಥನ ಮನೆಯ ಮುಂದೆ ಕಾರು ನಿಲ್ಲತೊಡಗಿದ್ದು ಮಾರುತಿ 800 ಬಂದ ಬಳಿಕ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದರ ಮೊದಲ ಕೀಲಿಕೈಯನ್ನು ಹಸ್ತಾಂತರಿಸಿದರು. 796 ಸಿಸಿಯ ಆ ಪುಟ್ಟ ಕಾರಿನ ಅಂದಿನ ಬೆಲೆ ಐವತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿತ್ತು. ಮೂವತ್ತು ವರ್ಷ ಸೇವೆ ಸಲ್ಲಿಸಿ 2014ರಲ್ಲಿ ಅದರ ತಯಾರಿಕೆ ನಿಂತಿತು.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಸ್ಥಾನವಿದೆ. 1980ರ ದಶಕದಲ್ಲಿ ಇಲ್ಲಿನ ಸಿಪಾನಿ ಸಂಸ್ಥೆಯು ಇಂಗ್ಲೆಂಡಿನ ರಿಲಯೆಂಟ್ ಕಿಟನ್ ಕಾರನ್ನು ಆಧರಿಸಿ, ಫೈಬರ್ ಮೈಕಟ್ಟಿನ ‘ಡಾಲ್ಫಿನ್’ ಎಂಬ ಕಾರನ್ನು ತಯಾರಿಸಿತ್ತು. ಬೊಮ್ಮನಹಳ್ಳಿಯಿಂದ ಇದೇ ಹೊಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಬೊಮ್ಮಸಂದ್ರದಲ್ಲಿ ‘ರೇವಾ’ ಎಂಬ ವಿದ್ಯುತ್ ಕಾರು ಜನ್ಮ ತಾಳಿತು. ಚೇತನ್ ಮೈನಿಯವರ ಸಂಸ್ಥೆ 2001ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಲಂಡನ್ನಿನ ಬೀದಿಗಳಲ್ಲಿಯೂ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿತು. ಆದರೆ ಎರಡೇ ಬಾಗಿಲು, ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್ ಓಟ, ಹಿಂದೆ ಮಕ್ಕಳಿಗಷ್ಟೇ ಸಾಲುವ ಜಾಗ. 2010ರಲ್ಲಿ ಮಹೀಂದ್ರ ಸಂಸ್ಥೆ ಆ ಕಂಪನಿಯನ್ನು ವಹಿಸಿಕೊಂಡಿತು.

ಟಾಟಾ ನ್ಯಾನೋದ ಕಥೆಯೂ ನೆನಪಿಡತಕ್ಕದ್ದು. ಸ್ಕೂಟರಿನ ಮೇಲೆ ಇಡೀ ಸಂಸಾರ ಮಳೆಯಲ್ಲಿ ಸಾಗುವುದನ್ನು ಕಂಡು ರತನ್ ಟಾಟಾ ಅವರ ಮನಸ್ಸಿನಲ್ಲಿ ಮೂಡಿದ ಕಾರು ಅದು. 2008ರ ಜನವರಿಯಲ್ಲಿ ಪ್ರದರ್ಶನಗೊಂಡು, ಒಂದು ಲಕ್ಷದ ಕಾರೆಂದು ಲೋಕಪ್ರಸಿದ್ಧವಾಯಿತು, 2009ರಲ್ಲಿ ರಸ್ತೆಗಿಳಿಯಿತು, 2018ರಲ್ಲಿ ತಯಾರಿಕೆ ನಿಂತಿತು. ‘ಅತ್ಯಂತ ಅಗ್ಗದ್ದು’ ಎಂಬ ಹೆಸರೇ ಅದಕ್ಕೆ ತೊಡಕಾಯಿತೆಂದು ಅನೇಕರು ಹೇಳುತ್ತಾರೆ. ಅಗತ್ಯಕ್ಕಿಂತ ಅಂತಸ್ತನ್ನು ನೋಡುವ ನಮ್ಮ ಸ್ವಭಾವಕ್ಕೆ ಇದೊಂದು ಕನ್ನಡಿ.

ನಿತ್ಯದ ಕೆಲಸ ಯಾವುದು?

ಕಾರು ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ಕಾರು?’ ಎಂಬುದಲ್ಲ, ‘ಯಾವ ಕೆಲಸಕ್ಕೆ?’ ಎಂಬುದು. ನಮ್ಮ ಶಿಷ್ಯರು ಕಚೇರಿಗೆ ಹೋಗಲೆಂದೇ ಕಾರು ಬಯಸಿದ್ದರು. ಆದರೆ 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ಹಳದಿ ಮಾರ್ಗ ಆರಂಭವಾಗಿದೆ. ಬೊಮ್ಮನಹಳ್ಳಿಯಲ್ಲಿ ನಿಲ್ದಾಣವಿದೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇದೆ. “ಮೆಟ್ರೋ ಇರುವಾಗ ಈ ದಟ್ಟಣೆಯಲ್ಲಿ ಕ್ಲಚ್ಚು ತುಳಿಯುತ್ತ ಏಕೆ ಕೂರುವಿರಿ?” ಎಂದು ಕೇಳಿದಾಗ ಅವರು ನಕ್ಕು ಸುಮ್ಮನಾದರು. ಮರುವಾರದಿಂದ ಮೆಟ್ರೋದಲ್ಲಿಯೇ ಹೋಗತೊಡಗಿದರು.

ಹೀಗೆ ಕಾರಿನ ಕೆಲಸವೇ ಬದಲಾಯಿತು. ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳ ಶಾಲೆ, ಸಂತೆ, ಬಂಧುಗಳ ಮನೆ, ತಿಂಗಳಿಗೊಮ್ಮೆ ಊರು. ದಿನಕ್ಕೆ ಸರಾಸರಿ ಹತ್ತು ಕಿಲೋಮೀಟರ್. ವರ್ಷದಲ್ಲಿ ಎರಡು ಬಾರಿ ಬರುವ ಯಾತ್ರೆಗಾಗಿ ಏಳು ಸೀಟಿನ ದೊಡ್ಡ ವಾಹನವನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಸಾಲ ತೀರಿಸುವುದಕ್ಕಿಂತ, ಆ ಎರಡು ದಿನ ಬಾಡಿಗೆಗೆ ತರುವುದು ಲೇಸು.

ಕೆಲವು ಕಾರುಗಳ ತುಲನೆ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ನಾಲ್ಕು ಮೀಟರಿಗೆ ಮೀರದ ಉದ್ದ, 1200 ಸಿಸಿಗೆ ಮೀರದ ಎಂಜಿನ್ ಇರುವವು ಇದಕ್ಕೆ ಸೇರುತ್ತವೆ. ಆಗ ಪ್ರಕಟವಾದ ಆರಂಭಿಕ ಬೆಲೆಗಳು ಸ್ಥೂಲವಾಗಿ ಹೀಗಿದ್ದವು: ಆಲ್ಟೊ ಕೆ10 ಮೂರು ಲಕ್ಷ ಎಪ್ಪತ್ತು ಸಾವಿರ, ರೆನೋ ಕ್ವಿಡ್ ನಾಲ್ಕು ಲಕ್ಷ ಮೂವತ್ತು ಸಾವಿರ, ಟಾಟಾ ಟಿಯಾಗೊ ನಾಲ್ಕು ಲಕ್ಷ ಐವತ್ತೇಳು ಸಾವಿರ, ವ್ಯಾಗನ್ ಆರ್ ಐದು ಲಕ್ಷ. ಇವು ಮಳಿಗೆಯ ಬೆಲೆಗಳು. ಜೀವಾವಧಿ ತೆರಿಗೆ, ನೋಂದಣಿ, ವಿಮೆ ಸೇರಿದಾಗ ಮೊತ್ತ ಬಹಳಷ್ಟು ಏರುತ್ತದೆ. ನಮ್ಮ ರಾಜ್ಯದ ವಾಹನ ತೆರಿಗೆ ದೇಶದಲ್ಲಿಯೇ ಹೆಚ್ಚಿನದೆಂದು ಹೆಸರಾಗಿದೆ. ಆದ್ದರಿಂದ ಜಾಹೀರಾತಿನ ಬೆಲೆಯನ್ನಲ್ಲ, ರಸ್ತೆಗಿಳಿಯುವ ಬೆಲೆಯನ್ನು ಬರೆದು ಕೊಡುವಂತೆ ಕೇಳಬೇಕು.

ಆಲ್ಟೊ ಕೆ10 ಸುಮಾರು ಮೂರೂವರೆ ಮೀಟರ್ ಉದ್ದದ್ದು. ಬೊಮ್ಮನಹಳ್ಳಿಯ ಒಳರಸ್ತೆಗಳಲ್ಲಿ ತಿರುಗಿಸಲು, ಇಕ್ಕಟ್ಟಿನಲ್ಲಿ ನಿಲ್ಲಿಸಲು ಇದರಷ್ಟು ಸುಲಭವಾದುದು ವಿರಳ. ಆದರೆ ಹಿಂದಿನ ಸೀಟಿನಲ್ಲಿ ಮೂವರು ಕೂರುವುದು ಕಷ್ಟ. ಗಂಡ ಹೆಂಡತಿ ಒಂದು ಮಗು ಇರುವ ಮನೆಗೆ ಇದು ಒಪ್ಪುತ್ತದೆ.

2015ರಲ್ಲಿ ಬಂದ ಕ್ವಿಡ್ ನೆಲದಿಂದ ಎತ್ತರವಾಗಿರುವುದರಿಂದ ರಸ್ತೆಯ ಉಬ್ಬುಗಳಿಗೂ ಗುಂಡಿಗಳಿಗೂ ಅಂಜುವುದಿಲ್ಲ. ಸಾಮಾನಿನ ಜಾಗವೂ ಧಾರಾಳ. ಆದರೆ ಕೊಳ್ಳುವವರು ಆ ಕಂಪನಿಯ ಸರ್ವಿಸ್ ಕೇಂದ್ರ ತಮ್ಮ ಮನೆಗೂ ತಮ್ಮ ಊರಿಗೂ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ವ್ಯಾಗನ್ ಆರ್ 1999ರಿಂದಲೂ ಇರುವ ಹೆಸರು. ಅದರ ಎತ್ತರ 1675 ಮಿಲಿಮೀಟರ್. ಬಾಗದೆ, ಮಂಡಿಯನ್ನು ಹೆಚ್ಚು ಮಡಿಸದೆ, ಕುರ್ಚಿಯ ಮೇಲೆ ಕುಳಿತಂತೆ ಒಳಗೆ ಕೂರಬಹುದು. ವೃದ್ಧರಿರುವ ಮನೆಗಳು ಇದನ್ನು ಇಷ್ಟಪಡಲು ಇದೇ ಕಾರಣ. ನಮ್ಮ ಶಿಷ್ಯರ ತಾಯಿಯವರು ಇದರಲ್ಲಿ ಕುಳಿತೊಡನೆ, “ಇದೇ ಇರಲಿ ಮಗಾ” ಎಂದುಬಿಟ್ಟರು.

2016ರಲ್ಲಿ ಬಂದ ಟಿಯಾಗೊ ಇದಕ್ಕಿಂತ ಒಂದು ಗೇಣಿನಷ್ಟಲ್ಲದಿದ್ದರೂ ಅರ್ಧಗೇಣಿಗೂ ಮಿಗಿಲು ತಗ್ಗಾದುದು. ಎಂಜಿನ್ 1199 ಸಿಸಿ. ಪೆಟ್ರೋಲ್ ಖರ್ಚು ತುಸು ಹೆಚ್ಚು. ಹಿರಿಯರು ಇಳಿಯುವಾಗ ಆಸರೆ ಬೇಕಾಗುತ್ತದೆ.

ವಿದ್ಯುತ್ ಕಾರುಗಳ ಮಾತೂ ಬಂದಿತು. ರೇವಾ ತೋರಿದ ದಾರಿಯಲ್ಲಿ 2022ರಲ್ಲಿ ಟಿಯಾಗೊ ಇವಿ, 2023ರಲ್ಲಿ ಎಂಜಿ ಕಾಮೆಟ್ ಬಂದವು. ಕಾಮೆಟ್ ಮೂರು ಮೀಟರಿಗಿಂತಲೂ ಚಿಕ್ಕದು. ನಗರದೊಳಗಿನ ಓಡಾಟಕ್ಕೆ ಒಪ್ಪುತ್ತದೆ. ಆದರೆ ರೇವಾದಂತೆ ಇದಕ್ಕೂ ಎರಡೇ ಬಾಗಿಲು. ಮಂಡಿ ನೋವಿನವರು ಹಿಂದಿನ ಸೀಟಿಗೆ ಹೋಗಲಾರರು. ಮೇಲಾಗಿ ಸ್ವಂತ ಪಾರ್ಕಿಂಗ್ ಜಾಗವೂ ಅಲ್ಲಿ ವಿದ್ಯುತ್ ಸಂಪರ್ಕವೂ ಇಲ್ಲದ ಬಾಡಿಗೆ ಮನೆಯವರಿಗೆ ವಿದ್ಯುತ್ ಕಾರು ದಿನವೂ ಒಂದು ಚಿಂತೆಯಾದೀತು.

ಮೈಲೇಜಿನ ಲೆಕ್ಕ

‘ಎಷ್ಟು ಮೈಲೇಜು ಕೊಡುತ್ತದೆ?’ ಎಂಬುದೇ ನಮ್ಮವರ ಮೊದಲ ಪ್ರಶ್ನೆ. ಕಾಗದ ಹಿಡಿದು ಲೆಕ್ಕ ಹಾಕೋಣ. ದಿನಕ್ಕೆ ಹತ್ತು ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿದರೆ 3000 ಕಿಲೋಮೀಟರ್. ಒಂದು ಕಾರು ನಗರದಲ್ಲಿ ಲೀಟರಿಗೆ 18, ಇನ್ನೊಂದು 15 ಕಿಲೋಮೀಟರ್ ಓಡಿತೆನ್ನೋಣ. ಮೊದಲನೆಯದಕ್ಕೆ 167 ಲೀಟರ್, ಎರಡನೆಯದಕ್ಕೆ 200 ಲೀಟರ್ ಬೇಕು. ಪೆಟ್ರೋಲನ್ನು ಲೀಟರಿಗೆ 100 ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ 3300 ರೂಪಾಯಿ ವ್ಯತ್ಯಾಸ, ತಿಂಗಳಿಗೆ 275.

ಸಿಎನ್‌ಜಿ ಕಾರಿಗೆ ಲಕ್ಷದ ಹತ್ತಿರ ಹೆಚ್ಚು ಕೊಡಬೇಕು. ವರ್ಷಕ್ಕೆ 20,000 ರೂಪಾಯಿ ಪೆಟ್ರೋಲಿನಲ್ಲಿ ಅರ್ಧ ಉಳಿದರೂ ಆ ಹಣ ಹಿಂದಿರುಗಲು ಒಂಬತ್ತು ಹತ್ತು ವರ್ಷ. ದಿನಕ್ಕೆ ಐವತ್ತು ಕಿಲೋಮೀಟರ್ ಓಡುವವರಿಗೆ ಅದು ಎರಡು ವರ್ಷದಲ್ಲಿಯೇ ಹಿಂದಿರುಗೀತು. ಮಿತವಾಗಿ ಓಡುವ ಮನೆಗೆ ಮೈಲೇಜು ಕೊನೆಯ ಪ್ರಶ್ನೆಯಾಗಬೇಕೇ ಹೊರತು ಮೊದಲನೆಯದಲ್ಲ.

ಜೀವರಕ್ಷಣೆಯೇ ಮೊದಲ ಲೆಕ್ಕ

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಐದಕ್ಕೂ ಸೊನ್ನೆ ತಾರೆ ಬಂದಿತು. ಆ ಬಳಿಕ ಪರಿಸ್ಥಿತಿ ಸುಧಾರಿಸಿದೆ. 2019ರಿಂದ ಎಲ್ಲ ಕಾರುಗಳಿಗೂ ಎಬಿಎಸ್ ಬ್ರೇಕು ಕಡ್ಡಾಯವಾಯಿತು. ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗು ಬಂದಿತು. 2023ರಲ್ಲಿ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಆರಂಭವಾಯಿತು.

ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2019ರಲ್ಲಿ ವ್ಯಾಗನ್ ಆರ್ ದೊಡ್ಡವರ ರಕ್ಷಣೆಗೆ ಎರಡು, ಮಕ್ಕಳ ರಕ್ಷಣೆಗೆ ಎರಡು ತಾರೆ ಪಡೆಯಿತು. 2020ರಲ್ಲಿ ಟಿಯಾಗೊ ಕ್ರಮವಾಗಿ ನಾಲ್ಕು ಮತ್ತು ಮೂರು ಪಡೆಯಿತು. 2022ರಲ್ಲಿ ನಿಯಮಗಳು ಬಿಗಿಯಾದವು. 2023ರಲ್ಲಿ ಆ ಹೊಸ ನಿಯಮದಡಿ ವ್ಯಾಗನ್ ಆರ್‌ಗೆ ಒಂದು, ಆಲ್ಟೊ ಕೆ10ಕ್ಕೆ ಎರಡು ತಾರೆ ಬಂದವು. ಮಕ್ಕಳ ರಕ್ಷಣೆಯಲ್ಲಿ ಎರಡಕ್ಕೂ ಸೊನ್ನೆ. ಹಳೆಯ ನಿಯಮದ ತಾರೆಗಳನ್ನು ಹೊಸ ನಿಯಮದ ತಾರೆಗಳೊಡನೆ ನೇರವಾಗಿ ಹೋಲಿಸಲಾಗದು. 2025ರಲ್ಲಿ ಈ ಎರಡು ಕಾರುಗಳಿಗೂ ಆರು ಏರ್‌ಬ್ಯಾಗುಗಳನ್ನು ಅಳವಡಿಸಲಾಯಿತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ಯಾವ ಕಾರಾದರೂ ಹಿಂದೆ ಕುಳಿತವರೂ ಸೀಟ್ ಬೆಲ್ಟ್ ಕಟ್ಟಿಕೊಳ್ಳಲೇಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ನಮ್ಮಲ್ಲಿ ಪ್ರೀತಿಯ ಗುರುತು. ಆದರೆ ಏರ್‌ಬ್ಯಾಗು ಬಿಚ್ಚಿಕೊಳ್ಳುವ ರಭಸಕ್ಕೆ ಮೊದಲು ಗುರಿಯಾಗುವುದು ಆ ಮಗುವೇ.

ಹಳೆಯ ಕಾರು ಕೊಳ್ಳುವವರಿಗೆ

ಹಳೆಯ ಕಾರು ಕೊಳ್ಳುವುದು ತಪ್ಪಲ್ಲ, ಅವಸರ ತಪ್ಪು. 1998ರಲ್ಲಿ ನಾವೇ ದಲ್ಲಾಳಿಯೊಬ್ಬನ ಸವಿಮಾತಿಗೆ ಮರುಳಾಗಿ, ಹೊಸ ಬಣ್ಣ ಬಳಿದ ಕಾರೊಂದನ್ನು ಕೊಂಡು, ಕೊಂಡಷ್ಟೇ ಹಣವನ್ನು ರಿಪೇರಿಗೆ ಸುರಿದಿದ್ದುಂಟು. ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಸಾಲ ಬಾಕಿಯಿದೆಯೇ, ವಿಮೆ ಜಾರಿಯಲ್ಲಿದೆಯೇ ಎಂದು ನೋಡಿರಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದವು. ಕಾಲಡಿಯ ಹಾಸನ್ನು ಎತ್ತಿ ತುಕ್ಕು, ಕೆಸರಿನ ಕಲೆ, ಮುಗ್ಗಲು ವಾಸನೆ ಇದೆಯೇ ಪರೀಕ್ಷಿಸಿರಿ. ನಂಬಿಕೆಯ ಮೆಕ್ಯಾನಿಕ್ಕನೊಬ್ಬನನ್ನು ಜೊತೆಗೆ ಕರೆದೊಯ್ಯುವ ಖರ್ಚು ವ್ಯರ್ಥವಾಗದು.

ಕೊನೆಗೆ ಆದದ್ದು

ಇಷ್ಟನ್ನೂ ಆ ಕುಟುಂಬದ ಮುಂದಿಟ್ಟೆವು. ನಮ್ಮ ಮನಸ್ಸು ತೂಗುಯ್ಯಾಲೆಯಾಗಿತ್ತು. ತಾಯಿಯ ಮಂಡಿಗೆ ವ್ಯಾಗನ್ ಆರ್ ಹಿತ. ಮಕ್ಕಳ ರಕ್ಷಣೆಗೆ ಒಂದೇ ನಿಯಮದಡಿ ಟಿಯಾಗೊ ಮೇಲು. ಮಗನ ಬಾಯಿಂದ ತಾರೆಗಳ ಲೆಕ್ಕ ಕೇಳಿದ ತಾಯಿಯವರು ಮೊಮ್ಮಗಳ ಕೈಯನ್ನು ನೋಡಿ, “ನಾನು ತಿಂಗಳಿಗೆ ನಾಲ್ಕು ಸಲ ಹತ್ತಿ ಇಳಿಯುವವಳು. ಈ ಮಕ್ಕಳು ದಿನಾ ಕೂರುವವರು. ತಗ್ಗಿದ್ದರೆ ಏನಾಯಿತು, ಸೊಸೆ ಕೈ ಹಿಡಿಯುತ್ತಾಳೆ” ಎಂದರು. ಟಿಯಾಗೊ ನಿಶ್ಚಯವಾಯಿತು. ಮೊದಲು ಪಕ್ಕಕ್ಕೆ ತಿರುಗಿ ಸೀಟಿನ ಮೇಲೆ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತೆಗೆದುಕೊಂಡರೆ ಮಂಡಿಗೆ ನೋವು ಕಡಿಮೆಯೆಂದು ಮಳಿಗೆಯ ಹುಡುಗನೊಬ್ಬ ಅವರಿಗೆ ತೋರಿಸಿಕೊಟ್ಟ. ಈಗ ಅವರಿಗೆ ಅದು ಅಭ್ಯಾಸವಾಗಿದೆ.

ಇದೇ ಕಾರನ್ನು ಎಲ್ಲರೂ ಕೊಳ್ಳಬೇಕೆಂದು ನಮ್ಮ ಮಾತಿನ ಅರ್ಥವಲ್ಲ. ಮಕ್ಕಳಿಲ್ಲದ ವೃದ್ಧ ದಂಪತಿಗಳಿಗೆ ವ್ಯಾಗನ್ ಆರ್ ಸರಿಯಾದೀತು. ಸ್ವಂತ ಮನೆಯಲ್ಲಿ ಚಾರ್ಜಿನ ಅನುಕೂಲವಿರುವವರಿಗೆ ವಿದ್ಯುತ್ ಕಾರು ಹಿತವಾದೀತು. ದುಡಿದು ಗಳಿಸಿದ ಹಣವನ್ನು ವೆಚ್ಚ ಮಾಡುವಾಗ ಬೀದಿಯವರ ಕಣ್ಣಿಗಾಗಿ ಅಲ್ಲದೆ, ಆ ಕಾರಿನಲ್ಲಿ ದಿನವೂ ಕೂರುವ ಜೀವಗಳಿಗಾಗಿ ಯೋಚಿಸಿರಿ ಎಂಬುದಷ್ಟೇ ನಮ್ಮ ಬಿನ್ನಹ. ಓದುಗ ಬಂಧುಗಳೆಲ್ಲರ ಪ್ರಯಾಣ ಸುಖಕರವಾಗಲಿ. ಶರಣು.