ಬಸಿರು ಬದಲಿಸುವ ಮಿದುಳು

ಬನಶಂಕರಿಯಲ್ಲಾಗಲಿ, ಜಯನಗರದಲ್ಲಾಗಲಿ, ಸೊಸೆಯನ್ನೋ ಮಗಳನ್ನೋ ಸೀಮಂತಕ್ಕೆ ಕೂರಿಸಿ ಹಸಿರು ಬಳೆ ತೊಡಿಸುವ ಮನೆಗಳಲ್ಲಿ ಬಸುರಿಯ ಮೈಬಣ್ಣ, ಬಯಕೆ, ನಡಿಗೆಗಳ ಬಗ್ಗೆ ಮಾತು ಬೇಕಾದಷ್ಟು ನಡೆಯುತ್ತದೆ. ಆಕೆ ಒಲೆಯ ಮೇಲಿನ ಹಾಲು ಮರೆತರೆ, ಬೀಗದ ಕೈ ಎಲ್ಲಿಟ್ಟೆನೆಂದು ಹುಡುಕಾಡಿದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಬಸಿರು ತಲೆಯೊಳಗೂ ಕೆಲಸ ನಡೆಸುತ್ತದೆ ಎಂಬುದಕ್ಕೆ ವಿಜ್ಞಾನದ ಸ್ಪಷ್ಟ ಸಾಕ್ಷ್ಯ ದೊರೆತು ಇನ್ನೂ ಬಹಳ ಕಾಲವಾಗಿಲ್ಲ.

2016ರಲ್ಲಿ ಸ್ಪೇನ್ ಮತ್ತು ನೆದರ್ಲೆಂಡ್ಸ್ ದೇಶಗಳ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚೊಚ್ಚಲ ತಾಯಂದಿರಾದ 25 ಮಹಿಳೆಯರ ಮಿದುಳನ್ನು ಬಸಿರಿಗೆ ಮೊದಲು ಹಾಗೂ ಹೆರಿಗೆಯ ನಂತರ ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಲಾಯಿತು. ಇನ್ನೊಬ್ಬರ ಮನಸ್ಸನ್ನು ಅರಿಯಲು ನೆರವಾಗುವ ಭಾಗಗಳಲ್ಲಿ ಬೂದು ದ್ರವ್ಯದ ಗಾತ್ರ ಕುಗ್ಗಿತ್ತು. ಎರಡು ವರ್ಷಗಳ ಮೇಲೂ ಈ ಬದಲಾವಣೆಯ ಬಹುಪಾಲು ಉಳಿದಿತ್ತು. ಮೊದಲ ಬಾರಿ ತಂದೆಯಾದವರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ.

2024ರಲ್ಲಿ ಅಮೆರಿಕದಿಂದ ಇನ್ನೊಂದು ವರದಿ ಬಂತು. ಅಲ್ಲಿನ ನರವಿಜ್ಞಾನಿ ಎಲಿಜಬೆತ್ ಕ್ರಾಸ್ಟಿಲ್ ತಾವೇ ಪ್ರಯೋಗಕ್ಕೆ ಒಡ್ಡಿಕೊಂಡು, ಬಸಿರಿಗೆ ಮೊದಲಿನಿಂದ ಹೆರಿಗೆಯಾಗಿ ಎರಡು ವರ್ಷಗಳವರೆಗೆ 26 ಬಾರಿ ಮಿದುಳಿನ ಚಿತ್ರ ತೆಗೆಸಿಕೊಂಡಿದ್ದರು. ವಾರ ಕಳೆದಂತೆ ಬೂದು ದ್ರವ್ಯ ಇಳಿಯುತ್ತಾ ಹೋದದ್ದು ಆ ಚಿತ್ರಗಳಲ್ಲಿ ಕಂಡಿತು. ಅದೇ ಹೊತ್ತಿಗೆ, ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಬಿಳಿ ತಂತುಗಳು ನಡುವಿನ ತಿಂಗಳುಗಳಲ್ಲಿ ಬಲಗೊಂಡು, ಹೆರಿಗೆಯ ಸುಮಾರಿಗೆ ಮೊದಲಿನ ಸ್ಥಿತಿಗೆ ಮರಳಿದವು.

ಕುಗ್ಗುವುದೆಂದರೆ ಬುದ್ಧಿ ಕುಗ್ಗಿತೆಂದು ಅರ್ಥವಲ್ಲ. ಮಲ್ಲಿಗೆ ಗಿಡದ ರೆಂಬೆಗಳನ್ನು ಸವರಿದರೆ ಹೊಸ ಚಿಗುರು ಬಂದು ಮೊಗ್ಗು ಹೆಚ್ಚುತ್ತದೆ. ಹರೆಯದಲ್ಲಿ ಮಿದುಳು ಬೇಡದ ನರಸಂಪರ್ಕಗಳನ್ನು ಹೀಗೆಯೇ ಕಳಚಿಕೊಳ್ಳುತ್ತದೆ. ಬಸಿರಿನಲ್ಲಿಯೂ ಅಂಥದೇ ಮರುಜೋಡಣೆ ನಡೆಯುತ್ತಿರಬಹುದೆಂಬುದು ವಿಜ್ಞಾನಿಗಳ ಊಹೆ. 2016ರ ಅಧ್ಯಯನದಲ್ಲಿ ಬದಲಾವಣೆ ಹೆಚ್ಚಿದ್ದ ತಾಯಂದಿರಿಗೆ ಮಗುವಿನ ಮೇಲಿನ ಅಂಟೂ ಹೆಚ್ಚಾಗಿದ್ದದ್ದು ಈ ಊಹೆಗೆ ಒಂದು ಆಧಾರ.

ಆದರೆ ಮರುಜೋಡಣೆಯ ಕಾಲ ಸೂಕ್ಷ್ಮದ ಕಾಲವೂ ಹೌದು. ಬಸಿರಿನಲ್ಲಿ ಬಹುಮಟ್ಟಿಗೆ ಏರಿದ್ದ ಹಾರ್ಮೋನುಗಳು ಮಾಸು ಹೊರಬಿದ್ದ ಕೆಲವೇ ದಿನಗಳಲ್ಲಿ ಥಟ್ಟನೆ ಇಳಿಯುತ್ತವೆ. ಜೊತೆಗೆ ನಿದ್ದೆಗೇಡು. ಹೆರಿಗೆಯಾದ ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಅದು ತಾನಾಗಿ ಹೋಗುತ್ತದೆ. ವಾರಗಟ್ಟಲೆ ಉಳಿಯುವ ಖಿನ್ನತೆ ಬೇರೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯ ಪ್ರಕಾರ ಬಾಣಂತಿಯರಲ್ಲಿ ಶೇ. 22ರಷ್ಟು ಮಂದಿಗೆ ಇದು ಕಾಡುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುವ ತೀವ್ರ ಚಿತ್ತವಿಕಾರ ಇನ್ನೂ ಬೇರೆ.

ಹಳೆಯ ತಲೆಮಾರಿನವರು ಇದನ್ನು ಕಾಣದವರಲ್ಲ. 'ಬಾಣಂತಿ ಸನ್ನಿ' ಎಂಬ ಮಾತು ಕನ್ನಡದಲ್ಲಿ ಹಿಂದಿನಿಂದ ಇದೆ. ಜ್ವರದ ಬಡಬಡಿಕೆಯನ್ನು ಹೇಳುವ 'ಸನ್ನಿಪಾತ'ದಿಂದ ಬಂದ ಈ ಪದದೊಳಗೆ ಸೋಂಕು, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಮನೋರೋಗ ಎಲ್ಲವೂ ಸೇರಿಹೋಗಿದ್ದವು. ಅವುಗಳ ಚಿಕಿತ್ಸೆ ಒಂದೇ ಅಲ್ಲ. ಬಾಣಂತಿಗೆ ನೀರು ಕುಡಿಸಲು ಹಿಂಜರಿಯುವ ಪದ್ಧತಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸಬಲ್ಲದೆಂದು ವೈದ್ಯರು ಎಚ್ಚರಿಸುತ್ತಾರೆ.

ಜಯನಗರದ ಪೂರ್ವಕ್ಕೆ, ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಡಾ. ಪ್ರಭಾ ಎಸ್. ಚಂದ್ರ ಅವರ ಮುಂದಾಳತ್ವದಲ್ಲಿ ತಾಯಿ-ಮಗುವಿನ ವಿಭಾಗ ಆರಂಭವಾಯಿತು. ಮನೋರೋಗಕ್ಕೆ ತುತ್ತಾದ ಬಾಣಂತಿಯನ್ನು ಕೂಸಿನೊಂದಿಗೇ ಸೇರಿಸಿಕೊಳ್ಳುವ ಇಂಥ ವಿಭಾಗ ದೇಶದಲ್ಲಿ ಇದೇ ಮೊದಲು. ಮನೆಯವರೊಬ್ಬರು ಜೊತೆಗಿರುತ್ತಾರೆ. ಔಷಧಿಯೊಂದಿಗೆ ಮಗುವಿಗೆ ಹಾಲೂಡಿಸುವುದು, ಸ್ನಾನ ಮಾಡಿಸುವುದು, ಆಡಿಸುವುದು ನಡೆಯುತ್ತದೆ. ತಾಯಿ ಚೇತರಿಸಿಕೊಂಡಂತೆ ಈ ಕೆಲಸಗಳು ಅವಳ ಕೈಗೆ ಮರಳುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಹೇಳುತ್ತದೆ.

ಕಾಯಿಲೆ ಕೈಮೀರುವುದು ಹೆಚ್ಚಾಗಿ ಮನೆಯೊಳಗಿನ ಮೌನದಿಂದ. ಬಾಣಂತಿ ರಾತ್ರಿಗಳ ಕಾಲ ಮಲಗದಿದ್ದರೆ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ, ಮಗು ತನ್ನದಲ್ಲವೆಂದರೆ, ಸಾಯುವ ಮಾತಾಡಿದರೆ ದೃಷ್ಟಿ ತೆಗೆದು ಕಾಯುವಂತಿಲ್ಲ; ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು, ಮಗುವಿನ ಬಳಿ ಒಬ್ಬಳನ್ನೇ ಬಿಡಬಾರದು. ಜ್ವರ, ವಿಪರೀತ ತಲೆನೋವು, ಸೆಳೆತ ಕಂಡರೆ ತಡಮಾಡದೆ ತುರ್ತು ಚಿಕಿತ್ಸೆ ಕೊಡಿಸಬೇಕು. ಮನಸ್ಸಿನ ತೊಂದರೆಗಳಿಗೆ ಸರಕಾರದ 'ಟೆಲಿ ಮಾನಸ್' ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ನೆರವು ಸಿಗುತ್ತದೆ.

ತವರಿನ ಬಾಣಂತನದಲ್ಲಿ ಬಿಸಿನೀರು, ಮೆಣಸಿನ ಸಾರು, ಸಾಂಬ್ರಾಣಿಯ ಹೊಗೆಗಳ ಜೊತೆಗೆ ಇನ್ನೊಂದು ದೊಡ್ಡ ಗುಣವಿತ್ತು. ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಕೈ ಇರುತ್ತಿತ್ತು, ತಾಯಿಗೆ ನಿದ್ದೆ ಸಿಗುತ್ತಿತ್ತು. ಗಂಡ ಹೆಂಡತಿ ಇಬ್ಬರೇ ಇರುವ ಜೆ.ಪಿ. ನಗರದ, ಬಿ.ಟಿ.ಎಂ. ಬಡಾವಣೆಯ ಫ್ಲ್ಯಾಟುಗಳಲ್ಲಿ ಆ ಕೈ ಗಂಡನದಾಗಬೇಕು. ರಾತ್ರಿ ಎಷ್ಟು ಹೊತ್ತು ಮಲಗಿದೆ ಎಂದು ಬಾಣಂತಿಯನ್ನು ದಿನವೂ ಕೇಳುವುದು ಬಾಣಂತನದ ಕೆಲಸವೇ.