ಹುಸೇನ್ ಸಾಗರದಲ್ಲಿ ದಾರಿ ಯಾರದು?

ಹೈದರಾಬಾದ್: ಮಳೆಗಾಲದಲ್ಲಿ ಕಾಚಿಗುಡ ಕಡೆಯಿಂದ ಟ್ಯಾಂಕ್‌ಬಂಡ್‌ಗೆ ತಿರುಗಾಡಲು ಹೋಗುವ ನಮ್ಮವರಿಗೆ, 1992ರಲ್ಲಿ ನಿಂತ ಬುದ್ಧನ ಪ್ರತಿಮೆಯ ಆಚೆ ಬಿಳಿ ಹಾಯಿಗಳ ಸಾಲು ಕಾಣುವುದುಂಟು. ಹೈದರಾಬಾದ್ ಸೇಲಿಂಗ್ ವೀಕ್ ಪಂದ್ಯಗಳಿಗೆ ದೇಶದ ನಾನಾ ಕಡೆಯವರು ಬರುತ್ತಾರೆ. ಯಾಟ್ ಕ್ಲಬ್ ಆಫ್ ಹೈದರಾಬಾದ್‌ನಲ್ಲಿ ಬಡ ಕುಟುಂಬಗಳ ಮಕ್ಕಳೂ ದೋಣಿ ನಡೆಸಲು ಕಲಿತಿದ್ದಾರೆ. ದಡದಿಂದ ನೋಡಿದರೆ ಬಲು ಶಾಂತ ನೋಟ. ನೀರಿನ ಮೇಲೆ ಮಾತ್ರ ‘ಸ್ಟಾರ್‌ಬೋರ್ಡ್! ಸ್ಟಾರ್‌ಬೋರ್ಡ್!’ ಎಂಬ ಕೂಗಾಟ.

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗಲಾರದು. ಅಂಕುಡೊಂಕಾಗಿ ಹೊರಳುತ್ತಾ ಮುಂದೆ ಹೋಗಬೇಕು. ಮೂತಿಯನ್ನು ಗಾಳಿಯ ಆಚೆಗೆ ತಿರುಗಿಸುವ ಈ ಹೊರಳಿಕೆಯೇ ಟ್ಯಾಕ್. ಸುತ್ತಲಿನ ಎತ್ತರದ ಕಟ್ಟಡಗಳಿಂದಾಗಿ ಹುಸೇನ್ ಸಾಗರದ ಗಾಳಿ ಪದೇ ಪದೇ ದಿಕ್ಕು ಬದಲಿಸುತ್ತದೆ. ಹಾಗಾಗಿ ಹೊರಳಾಟವೂ ಹೆಚ್ಚು, ದೋಣಿಗಳು ಎದುರುಬದುರಾಗುವುದೂ ಹೆಚ್ಚು.

ಬಲಬದಿಯಿಂದ ಗಾಳಿ ಪಡೆಯುವ ದೋಣಿ ಸ್ಟಾರ್‌ಬೋರ್ಡ್, ಎಡಬದಿಯಿಂದ ಪಡೆಯುವುದು ಪೋರ್ಟ್. ಎದುರಾದಾಗ ಪೋರ್ಟ್ ದೋಣಿಯೇ ದಾರಿ ಬಿಡಬೇಕು. ಎರಡೂ ಒಂದೇ ಬದಿಯ ಗಾಳಿಯಲ್ಲಿ ಅಕ್ಕಪಕ್ಕ ಸಾಗುತ್ತಿದ್ದರೆ ಗಾಳಿ ಬರುವ ಕಡೆಯದು ಸರಿಯಬೇಕು. ಇಷ್ಟು ಹತ್ತು ವರ್ಷದ ಮಕ್ಕಳಿಗೂ ಬಾಯಿಪಾಠ.

ತಕರಾರು ಹುಟ್ಟುವುದು ಹೊರಳುವಾಗ. ಪೋರ್ಟ್‌ನಲ್ಲಿ ಬಂದವನು ಎದುರಿನವನನ್ನು ದಾಟಲಾಗದೆಂದು ಕಂಡು, ಅವನ ಮೂತಿಯ ಮುಂದೆಯೇ ಹೊರಳಿ ‘ಈಗ ನಾನೂ ಸ್ಟಾರ್‌ಬೋರ್ಡ್’ ಎನ್ನುತ್ತಾನೆ. ಆಬಿಡ್ಸ್‌ನಲ್ಲಿ ಆಟೊ ನುಗ್ಗಿಸಿದ ಹಾಗೆ! ನಿಯಮ ಇದನ್ನು ಒಪ್ಪುವುದಿಲ್ಲ. ಮೂತಿ ಗಾಳಿಯ ನೇರವನ್ನು ದಾಟಿದ ಕ್ಷಣದಿಂದ ಹೊಸ ಹಾದಿಯನ್ನು ಪೂರ್ತಿ ಹಿಡಿಯುವವರೆಗೆ ಅವನೇ ಇತರರಿಂದ ದೂರವಿರಬೇಕು. ಹಾಗೆ ಹೊರಳಿ ಹಕ್ಕು ಪಡೆದ ಮೇಲೂ, ಮೊದಲಿಗೆ ಇನ್ನೊಬ್ಬನಿಗೆ ಸರಿಯಲು ಜಾಗ ಕೊಡಬೇಕು. ಹಕ್ಕಿದೆಯೆಂದು ಬೇಕೆಂದೇ ಗುದ್ದುವಂತೆಯೂ ಇಲ್ಲ.

ಸಾಮಾನ್ಯ ಪಂದ್ಯಗಳಲ್ಲಿ ಪ್ರತಿ ತಪ್ಪಿಗೂ ಸೀಟಿ ಊದುವ ರೆಫರಿ ಇರುವುದಿಲ್ಲ. ತಪ್ಪಿದವನು ತಾನೇ ಒಪ್ಪಿ, ಪಕ್ಕಕ್ಕೆ ಸರಿದು ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಹಿಂದಿದ್ದ ನಾಲ್ಕಾರು ದೋಣಿಗಳು ಮುಂದಾಗಿರುತ್ತವೆ. ಮನಸ್ಸು ಒಪ್ಪದಿರುವುದು ಸಹಜವೇ. ಒಪ್ಪದಿದ್ದರೆ ಎದುರಾಳಿ ‘ಪ್ರೊಟೆಸ್ಟ್’ ಎಂದು ಕೂಗಿ, ದಡ ಸೇರಿದ ಮೇಲೆ ಲಿಖಿತ ದೂರು ಕೊಡುತ್ತಾನೆ. ಆಗ ತೀರ್ಪುಗಾರರ ಮೇಜಿನ ಮೇಲೆ ಪುಟ್ಟ ಆಟಿಕೆ ದೋಣಿಗಳು ಬರುತ್ತವೆ. ಯಾರು ಎಲ್ಲಿದ್ದರು, ಹೊರಳಿಕೆ ಮುಗಿದಿತ್ತೋ ಇಲ್ಲವೋ ಎಂದು ಇಬ್ಬರೂ ಅವನ್ನು ಸರಿಸಿ ತೋರಿಸುತ್ತಾರೆ. ಸೋತವನು ಆ ಪಂದ್ಯದಿಂದ ಅನರ್ಹ.